ಟೇಬಲ್ ಅಜೆಂಡಾ ಬಂದ ದಿನ

ಬೆಂಗಳೂರಿನ ಒಂದು ಸರ್ಕಾರಿ ಕಂಪನಿಯ ಬೋರ್ಡಿಗೆ ನನ್ನನ್ನು ಸ್ವತಂತ್ರ ನಿರ್ದೇಶಕನಾಗಿ ನೇಮಿಸಿ ಆದೇಶ ಬಂದಾಗ ಮನೆಯಲ್ಲಿ ಎಲ್ಲರಿಗೂ ಖುಷಿ. ನಾನು ಸಿ.ಎ., ಲೆಕ್ಕ ಗೊತ್ತು. ವರ್ಷಕ್ಕೆ ನಾಲ್ಕು ಮೀಟಿಂಗ್, ಕಾಫಿ ಕುಡಿದು ಸಹಿ ಹಾಕಿ ಬರೋದು ತಾನೇ ಅಂದುಕೊಂಡಿದ್ದೆ.

ಎರಡನೇ ಮೀಟಿಂಗಿಗೇ ಆ ಭ್ರಮೆ ಇಳಿಯಿತು. ಅಜೆಂಡಾ ಏಳು ದಿನ ಮೊದಲೇ ಬಂದಿತ್ತು, ಓದಿಕೊಂಡೇ ಹೋಗಿದ್ದೆ. ಆದರೆ ಉದ್ದಿನವಡೆ ತಟ್ಟೆಯ ಜೊತೆಗೆ ಎಲ್ಲರ ಮುಂದೆ ಇನ್ನೊಂದು ಹಾಳೆ ಬಂದು ಕೂತಿತು. ಟೇಬಲ್ ಅಜೆಂಡಾ. ಕೆಲವು ಕೋಟಿಯ ಯಂತ್ರಗಳನ್ನು ಟೆಂಡರ್ ಕರೆಯದೆ ಒಬ್ಬರೇ ಸಪ್ಲೈಯರ್‌ನಿಂದ ಕೊಳ್ಳುವ ಪ್ರಸ್ತಾವ. ದರ ಹೇಗೆ ಗೊತ್ತು ಮಾಡಿದಿರಿ ಅಂತ ಕೇಳಿದೆ. "ಸಾರ್, ಮೇಲಿಂದ ಹೇಳಿದ್ದಾರೆ. 4ಜಿ ಆಮೇಲೆ ಬರುತ್ತೆ" ಅಂದರು ಎಂ.ಡಿ.

ಫೋನಿನ 4ಜಿ ಅಲ್ಲ. ಕೆಟಿಪಿಪಿ, ಅಂದರೆ ಸರ್ಕಾರಿ ಖರೀದಿಗೆ ಅನ್ವಯಿಸುವ ಕರ್ನಾಟಕದ 1999ರ ಪಾರದರ್ಶಕತೆ ಕಾಯ್ದೆಯ ಕಲಂ 4(ಜಿ). ಇದರಡಿ ಟೆಂಡರ್‌ನಿಂದ ವಿನಾಯಿತಿ ಬೇಕಾದರೆ ಸರ್ಕಾರವೇ ಅಧಿಸೂಚನೆ ಹೊರಡಿಸಬೇಕು. ಬೋರ್ಡಿನ ಕೈಯಲ್ಲಿ ಅದಿಲ್ಲ. ಬಂದ ಮೇಲೆ ಮಾತಾಡೋಣ, ಈಗ ಯಾಕೆ ಅವಸರ ಅಂದೆ. ಮೇಜಿನ ಸುತ್ತ ಮೌನ. ಇಲಾಖೆಯಿಂದ ಬಂದ ನಿರ್ದೇಶಕರು ಫೋನ್ ನೋಡುತ್ತಿದ್ದರು. ಅವರ ಕಷ್ಟ ನನಗೆ ಅರ್ಥವಾಗುತ್ತೆ, ಅವರ ಸಿ.ಆರ್., ಅಂದರೆ ಗೋಪ್ಯ ವರದಿ, ಬರೆಯುವವರೇ ಮೇಲೆ ಕೂತಿದ್ದಾರೆ. ಆದರೆ 2013ರ ಕಂಪನಿ ಕಾಯ್ದೆಯ ಕಲಂ 166 ನಿರ್ದೇಶಕ ಎಲ್ಲಿಂದ ಬಂದ ಅಂತ ಕೇಳಲ್ಲ. ಕಂಪನಿಯ ಹಿತ ನೋಡಬೇಕು, ಎಚ್ಚರ ಇರಬೇಕು, ಸ್ವಂತ ಬುದ್ಧಿಯಿಂದ ನಿರ್ಧರಿಸಬೇಕು ಅನ್ನುತ್ತೆ. ತಪ್ಪಿದರೆ 1 ಲಕ್ಷದಿಂದ 5 ಲಕ್ಷ ದಂಡ. ಶೇ 51 ಅಥವಾ ಜಾಸ್ತಿ ಷೇರು ಸರ್ಕಾರದ್ದು ಅನ್ನೋದು ಇಲ್ಲಿ ನೆಪ ಆಗಲ್ಲ. ಸರ್ಕಾರ ಏನಾದರೂ ಹೇಳಬೇಕಿದ್ದರೆ ಬರೆದು ಹೇಳಲಿ, ಫೋನಿನಲ್ಲಿ ಹೇಳಿದ್ದು ಕೊನೆಗೆ ನಮ್ಮ ತಲೆಗೇ ಬರುತ್ತೆ.

ನಾನು ಒಪ್ಪಲಿಲ್ಲ. ಉಳಿದವರು ಒಪ್ಪಿದರು, ವಡೆ ಆರಿತು, ಮೀಟಿಂಗ್ ಮುಗಿಯಿತು.

ಅಸಲಿ ಕೆಲಸ ಶುರುವಾಗಿದ್ದು ಅದಾದ ಮೇಲೆ. ಹತ್ತು ದಿನಕ್ಕೆ ಕರಡು ಮಿನಿಟ್ಸ್, ಅಂದರೆ ಮೀಟಿಂಗಿನ ನಡಾವಳಿ, ಬಂತು. ನೋಡಿದರೆ "ಸರ್ವಾನುಮತದಿಂದ ಅಂಗೀಕರಿಸಲಾಯಿತು" ಅಂತ ಇದೆ! ಕರಡು 15 ದಿನದೊಳಗೆ ಕಳಿಸಬೇಕು, ಬಂದ ಮೇಲೆ ತಿದ್ದುಪಡಿ ಹೇಳೋಕೆ ನಮಗೆ ಏಳು ದಿನ. ಸುಮಾರು ಜನ ಇದನ್ನು ತೆರೆದೇ ನೋಡಲ್ಲ, ನಾನೂ ಮೊದಲ ಸಲ ನೋಡಿರಲಿಲ್ಲ. ಅವತ್ತು ರಾತ್ರಿಯೇ ಇಮೇಲ್ ಬರೆದೆ. ಅಧಿಸೂಚನೆ ಇಲ್ಲ, ದರ ಹೋಲಿಕೆ ಇಲ್ಲ, ಆದ್ದರಿಂದ ನನ್ನ ಭಿನ್ನಾಭಿಪ್ರಾಯವನ್ನು ಕಾರಣದ ಸಮೇತ ದಾಖಲಿಸಿ. ಮೂರೇ ಸಾಲು. ಕಂಪನಿ ಸೆಕ್ರೆಟರಿ ಫೋನ್ ಮಾಡಿ, "ಸುಮ್ನೆ ಯಾಕೆ ಸಾರ್ ಇದೆಲ್ಲ, ನಿಮ್ಮ ಮಾತನ್ನು ಚರ್ಚಿಸಲಾಯಿತು ಅಂತ ಹಾಕ್ತೀನಿ" ಅಂದರು. ಬೇಡ, ಬರೆದ ಹಾಗೇ ಹಾಕಿ ಅಂದೆ. ಕಲಂ 149ರ ಪ್ರಕಾರ, ನನಗೆ ಗೊತ್ತಿದ್ದು ಒಪ್ಪಿಗೆ ಕೊಟ್ಟಿದ್ದರೆ ಅಥವಾ ಎಚ್ಚರ ತಪ್ಪಿದ್ದರೆ ಮಾತ್ರ ಸ್ವತಂತ್ರ ನಿರ್ದೇಶಕನ ಮೇಲೆ ಹೊಣೆ ಬರುತ್ತೆ. ಒಪ್ಪಿಗೆ ಕೊಟ್ಟಿಲ್ಲ ಅಂತ ತೋರಿಸೋಕೆ ಆ ಮೂರು ಸಾಲು ಬಿಟ್ಟರೆ ನನ್ನ ಹತ್ತಿರ ಇನ್ನೇನಿದೆ?

4ಜಿ ಬರಲೇ ಇಲ್ಲ. ಎಂ.ಡಿ. ವರ್ಗ ಆದರು, ಹೊಸಬರು ಟೆಂಡರ್ ಕರೆದರು. ಮುಂದಿನ ವರ್ಷ ಎಜಿ (ಮಹಾಲೇಖಪಾಲರ) ಆಡಿಟ್‌ನವರು ಬಂದಾಗ ಮೊದಲು ತರಿಸಿಕೊಂಡಿದ್ದು ಮಿನಿಟ್ಸ್ ಪುಸ್ತಕವನ್ನೇ ಅಂತೆ. ಇಮೇಲಿನ ಒಂದು ಪ್ರಿಂಟ್ ಮನೆಯ ಬೀರುವಿನಲ್ಲೂ ಇದೆ. ಸೆಕ್ರೆಟರಿಗಳೂ ಬದಲಾಗ್ತಾರಲ್ವಾ.