ಹಳ್ಳದ ನೀರು ಕುಡಿಯುವ ಮುನ್ನ ಮೇಲಕ್ಕೆ ನೋಡಿ

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಗುಡ್ಡದ ಒರತೆಯಿಂದ ಇಳಿದುಬರುವ ಅಬ್ಬಿ ನೀರನ್ನೇ ಕುಡಿಯುತ್ತಾರೆ. ಹಿಂದೆ ಅಡಿಕೆ ಮರದ ದಂಬೆಯಲ್ಲಿ ಬರುತ್ತಿದ್ದ ನೀರು ಈಗ ಕಪ್ಪು ಪೈಪಿನಲ್ಲಿ ಬರುತ್ತದೆ, ಅಷ್ಟೇ ವ್ಯತ್ಯಾಸ. ಚಾರಣಕ್ಕೆ ಬಂದವರು ಇದನ್ನು ಕಂಡು, ‘ಕಾಡಿನ ನೀರಿಗೆ ಫಿಲ್ಟರ್ ಯಾಕೆ ಬೇಕು?’ ಎಂದು ಕೇಳುತ್ತಾರೆ. ಆ ಮನೆಯವರಿಗೆ ನೀರು ಹುಟ್ಟುವ ಜಾಗ ಗೊತ್ತು. ದರೆಯ ಯಾವ ಬಿರುಕಿನಿಂದ ಒಸರುತ್ತದೆ, ಅದರ ಮೇಲೆ ಏನಿದೆ, ಮಳೆ ಹಿಡಿದರೆ ಎಷ್ಟು ದಿನ ಕದಡಿರುತ್ತದೆ ಎಂಬುದೆಲ್ಲ ಗೊತ್ತು. ಪೈಪಿಗೆ ಎಲೆ ಸಿಕ್ಕಿಕೊಂಡರೆ ಗುಡ್ಡ ಹತ್ತಿ ಬಿಡಿಸಿ ಬರುವವರೂ ಅವರೇ. ನಮಗೆ ಕಾಣುವುದು ಕಾಲ ಬುಡದಲ್ಲಿ ಹರಿಯುವ ಒಂದು ಮಾರು ನೀರು ಮಾತ್ರ. ಹಾಗಾಗಿ ನಮಗೆ ಫಿಲ್ಟರ್ ಬೇಕು.

ಆದರೆ ಯಾವ ಫಿಲ್ಟರ್ ಎಂಬುದನ್ನು ಅಂಗಡಿಯಲ್ಲಿ ನಿಂತು ತೀರ್ಮಾನಿಸಬೇಡಿ. ಮೊದಲು ನೀವು ಹೋಗುವ ದಾರಿಯ ನಕ್ಷೆ ತೆಗೆದು, ನೀರು ತುಂಬಿಸಿಕೊಳ್ಳುವ ಜಾಗದ ಮೇಲ್ಭಾಗದಲ್ಲಿ ಏನಿದೆ ಎಂದು ನೋಡಿ. ಕೊಡಗಿನ ತಡಿಯಂಡಮೋಳ್ ದಾರಿಯ ಕೆಳಭಾಗದಲ್ಲಿ ಕಾಫಿ ತೋಟಗಳಿವೆ, ಮೇಲೆ ಹೋದಂತೆ ಶೋಲಾ ಕಾಡು. ಒಂದೇ ದಿನದ ನಡಿಗೆಯಲ್ಲಿ ಎರಡು ಬಗೆಯ ನೀರು. ಕುಮಾರ ಪರ್ವತಕ್ಕೆ ಕುಕ್ಕೆಯಿಂದ ಹತ್ತುವವರು ದಾರಿಯಲ್ಲಿ ಸಿಗುವ ‘ಭಟ್ಟರ ಮನೆ’ಯಲ್ಲಿ ಬಾಟಲಿ ತುಂಬಿಸಿಕೊಳ್ಳಬಹುದು. ಅಲ್ಲಿಂದ ಮುಂದೆ ಕಲ್ಲು ಮಂಟಪದ ಹತ್ತಿರದ ನೀರನ್ನು ನಂಬಬೇಕು, ಅದೂ ಬೇಸಿಗೆಯಲ್ಲಿ ಸೊರಗುತ್ತದೆ. ಜನ ಹೆಚ್ಚು ನಡೆಯುವ ದಾರಿಯ ಪಕ್ಕದ ನೀರನ್ನು ನಾನು ದಟ್ಟ ಕಾಡಿನ ನೀರಿಗಿಂತ ಹೆಚ್ಚು ಅನುಮಾನದಿಂದ ನೋಡುತ್ತೇನೆ. ಮನುಷ್ಯನಿಗೆ ಕಾಯಿಲೆ ತರುವ ಸೂಕ್ಷ್ಮಜೀವಿಗಳಲ್ಲಿ ಬಹುಪಾಲು ಮನುಷ್ಯನಿಂದ ಮತ್ತು ಅವನ ದನಕರುಗಳಿಂದಲೇ ನೀರಿಗೆ ಸೇರುತ್ತವೆ.

ಇನ್ನೊಂದು ಮಾತು. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಡೇರೆ ಹಾಕುವಂತಿಲ್ಲ. ಅನುಮತಿ ಕೇಳುವಾಗಲೇ ಆ ತಿಂಗಳು ಎಲ್ಲಿ ನೀರಿದೆ ಎಂದೂ ಕೇಳಿಕೊಳ್ಳಿ. ಗಸ್ತು ತಿರುಗುವವರಿಗೆ ತಿಳಿದಷ್ಟು ಯಾವ ನಕ್ಷೆಗೂ ತಿಳಿದಿರುವುದಿಲ್ಲ.

ರಂಧ್ರದ ಲೆಕ್ಕ

ಫಿಲ್ಟರಿನ ಪೆಟ್ಟಿಗೆಯ ಮೇಲೆ 0.1 ಮೈಕ್ರಾನ್, 0.2 ಮೈಕ್ರಾನ್ ಎಂದು ಬರೆದಿರುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ತಿಂಗಳುಗಟ್ಟಲೆ ಹೊಟ್ಟೆ ಕೆಡಿಸುವ ಜಿಯಾರ್ಡಿಯಾದ ಕೋಶ 8ರಿಂದ 12 ಮೈಕ್ರಾನ್ ಇರುತ್ತದೆ, ಭೇದಿ ತರುವ ಇನ್ನೊಂದು ಪರಾವಲಂಬಿ ಕ್ರಿಪ್ಟೋಸ್ಪೊರಿಡಿಯಂ 4ರಿಂದ 6 ಮೈಕ್ರಾನ್. ಕಾಲರಾ, ಟೈಫಾಯ್ಡ್ ತರುವ ಬ್ಯಾಕ್ಟೀರಿಯಾಗಳು ಅರ್ಧದಿಂದ ಒಂದೂವರೆ ಮೈಕ್ರಾನ್ ದಪ್ಪ. ಇವೆಲ್ಲ 0.2ರ ರಂಧ್ರದಲ್ಲಿ ತೂರಲಾರವು. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಮಾತ್ರ ಸುಮಾರು 0.03 ಮೈಕ್ರಾನ್. ಅದಕ್ಕೆ ಈ ಜಾಲರಿ ತೆರೆದ ಹೆಬ್ಬಾಗಿಲು.

ನಮ್ಮ ಕರಾವಳಿ ಮತ್ತು ಮಲೆನಾಡಿನವರು ಇಲ್ಲಿ ಇಲಿಜ್ವರದ ಲೆಪ್ಟೊಸ್ಪೈರಾವನ್ನು ಮರೆಯಬಾರದು. ಅದೂ ಬ್ಯಾಕ್ಟೀರಿಯಾವೇ. ಉದ್ದದಲ್ಲಿ 6ರಿಂದ 20 ಮೈಕ್ರಾನ್ ಇದ್ದರೂ ದಪ್ಪ ಕೇವಲ 0.1 ಮೈಕ್ರಾನಿನಷ್ಟು. ತಿರುಪಿನಂತೆ ಸುತ್ತುತ್ತಾ ಸಾಗುವ ಈ ಜೀವಿ 0.2 ಮೈಕ್ರಾನಿನ ರಂಧ್ರದಲ್ಲೂ ನುಸುಳಬಲ್ಲದು. ಇಲಿ, ದನ, ನಾಯಿಗಳ ಮೂತ್ರದಿಂದ ಗದ್ದೆಯ ನೀರಿಗೂ ಕೆಸರಿಗೂ ಸೇರುವ ಇದು ಹೆಚ್ಚಾಗಿ ಕಾಲಿನ ಗಾಯದ ಮೂಲಕ ದೇಹದೊಳಗೆ ಹೋಗುತ್ತದೆ. ಬಾಯಿ, ಕಣ್ಣುಗಳ ತೆಳು ಪದರವೂ ಅದಕ್ಕೆ ದಾರಿಯೇ. ‘ಬ್ಯಾಕ್ಟೀರಿಯಾ 99.9999 ಶೇಕಡಾ ತಡೆಯುತ್ತದೆ’ ಎಂಬ ಬರಹವನ್ನು ನಂಬಿ ಭತ್ತದ ಗದ್ದೆ ಕೆಳಗಿನ ತೋಡಿಗೆ ಬಾಟಲಿ ಹಿಡಿಯುವವರನ್ನು ಕಂಡಾಗಲೆಲ್ಲ ನನಗೆ ಹೆದರಿಕೆಯಾಗುತ್ತದೆ. ಕುದಿಸಿದರೆ ಅದು ಸಾಯುತ್ತದೆ, ಕ್ಲೋರಿನ್‌ಗೂ ಸಾಯುತ್ತದೆ. ಫಿಲ್ಟರಿನ ಜೊತೆಗೆ ಒಂದು ಪಟ್ಟಿ ಕ್ಲೋರಿನ್ ಮಾತ್ರೆ ಇಟ್ಟುಕೊಳ್ಳಿ ಎಂದು ನಾನು ಒತ್ತಾಯಿಸುವುದು ಇದಕ್ಕೇ.

ಮತ್ತೆ, ಕರಗಿದ್ದನ್ನು ಯಾವ ಜಾಲರಿಯೂ ಹಿಡಿಯದು. ಕೊಳೆರೋಗಕ್ಕೆಂದು ಅಡಿಕೆ ತೋಟಗಳಿಗೆ ಮಳೆಗಾಲದಲ್ಲಿ ಮೈಲುತುತ್ತು ಮತ್ತು ಸುಣ್ಣದ ಬೋರ್ಡೊ ದ್ರಾವಣ ಸಿಂಪಡಿಸುತ್ತಾರೆ. ಕಾಫಿ, ಚಹಾ ತೋಟಗಳಿಗೆ ಬೇರೆ ಔಷಧಗಳು ಬೀಳುತ್ತವೆ. ಸಕ್ರಿಯ ಇದ್ದಿಲು ಇರುವ ಫಿಲ್ಟರ್ ವಾಸನೆಯನ್ನೂ ಕೆಲವು ರಾಸಾಯನಿಕಗಳನ್ನೂ ಒಂದಿಷ್ಟು ಹೀರಿಕೊಳ್ಳುತ್ತದೆ. ಆದರೆ ಅದರ ಮೇಲೆ ಭಾರ ಹಾಕಬೇಡಿ, ತೋಟ ದಾಟಿ ಮೇಲೆ ಹೋಗಿ ನೀರು ಹಿಡಿಯಿರಿ.

ಟಿಡಿಎಸ್ ಮೀಟರನ್ನು ಮನೆಯಲ್ಲೇ ಬಿಟ್ಟು ಬನ್ನಿ. ಅದು ಕರಗಿದ ಲವಣಗಳನ್ನು ಅಳೆಯುತ್ತದೆ, ಸೂಕ್ಷ್ಮಜೀವಿಗಳನ್ನಲ್ಲ. ಘಟ್ಟದ ಹಳ್ಳಗಳಲ್ಲಿ ಅದರ ಅಂಕಿ ಹೇಗೂ ಕಡಿಮೆಯೇ ಇರುತ್ತದೆ. ಆ ಅಂಕಿ ನೋಡಿ ಖುಷಿಯಿಂದ ನೀರು ಕುಡಿದು ಮೂರನೆಯ ದಿನ ಆಸ್ಪತ್ರೆ ಸೇರಿದ ಗೆಳೆಯರೊಬ್ಬರನ್ನು ನಾನೇ ನೋಡಿಕೊಂಡಿದ್ದೇನೆ.

ಯಾವುದನ್ನು ಕೊಳ್ಳುವುದು

ಒಬ್ಬರು ಅಥವಾ ಇಬ್ಬರು ಹೋಗುವುದಾದರೆ, ನೀರು ತುಂಬಿದ ಚೀಲಕ್ಕೋ ಬಾಟಲಿಗೋ ತಿರುಗಿಸಿ ಹಿಂಡುವ ಫಿಲ್ಟರ್ ಸಾಕು. ಅದರೊಳಗೆ ಶ್ಯಾವಿಗೆ ಮಡಚಿಟ್ಟಂತೆ ಕಾಣುವ ಟೊಳ್ಳು ನಾರುಗಳ ಕಟ್ಟು ಇರುತ್ತದೆ. ನೀರು ನಾರಿನ ಗೋಡೆಯ ರಂಧ್ರಗಳಲ್ಲಿ ಜಿನುಗಿ ಆಚೆ ಬರುತ್ತದೆ, ಕೊಳೆ ಈಚೆಯೇ ಉಳಿಯುತ್ತದೆ. ತೂಕ ನೂರು ಗ್ರಾಂ ಒಳಗೆ. ಸಾಯರ್ ಕಂಪನಿಯ ಫಿಲ್ಟರುಗಳು 0.1 ಮೈಕ್ರಾನಿನವು, ಲೈಫ್‌ಸ್ಟ್ರಾದ ಹೀರುಗೊಳವೆ 0.2ರದು. ಹೀರುಗೊಳವೆಯನ್ನು ನಾನು ಶಿಬಿರಕ್ಕೆ ಸಲಹೆ ಮಾಡುವುದಿಲ್ಲ. ಹಳ್ಳದ ಮುಂದೆ ಮಂಡಿಯೂರಿ ಹೀರಿ ಕುಡಿಯಬಹುದು, ಆದರೆ ಅನ್ನಕ್ಕೆ ಇಡಲು ನೀರು ಸಿಗದು, ರಾತ್ರಿಗೆ ತುಂಬಿಸಿಡಲೂ ಆಗದು.

ನಾಲ್ಕೈದು ಜನರ ತಂಡಕ್ಕೆ ತೂಗುಚೀಲದ ಫಿಲ್ಟರ್ ಒಳ್ಳೆಯದು. ತಲಾ ಮೂರು ನಾಲ್ಕು ಲೀಟರ್ ಎಂದರೂ ದಿನಕ್ಕೆ ಹನ್ನೆರಡರಿಂದ ಇಪ್ಪತ್ತು ಲೀಟರ್ ಆಗುತ್ತದೆ, ಅಷ್ಟನ್ನು ಕೈಯಲ್ಲಿ ಹಿಂಡುತ್ತಾ ಕೂತರೆ ಬೆರಳು ಸೋಲುತ್ತವೆ. ಚೀಲವನ್ನು ಕೊಂಬೆಗೆ ತೂಗುಹಾಕಿ ಒಲೆಯ ಕೆಲಸ ನೋಡಿಕೊಳ್ಳಿ, ನೀರು ತಾನೇ ಇಳಿಯುತ್ತದೆ. ಪಿಂಗಾಣಿ ಫಿಲ್ಟರಿನ ಪಂಪು ಗಟ್ಟಿಮುಟ್ಟು, ತೂಕ ಜಾಸ್ತಿ, ಜಾರಿಬಿದ್ದರೆ ಬಿರುಕು ಬಿಡುತ್ತದೆ. ಅತಿನೇರಳೆ ದೀಪದ ಕಡ್ಡಿ ವೈರಸ್ಸನ್ನೂ ಕೊಲ್ಲುತ್ತದೆ, ಆದರೆ ನೀರು ತಿಳಿಯಾಗಿರಬೇಕು, ಬ್ಯಾಟರಿ ಜೀವಂತವಿರಬೇಕು. ಆಗುಂಬೆಯ ಮಳೆಯಲ್ಲಿ ಎರಡೂ ಅನುಮಾನ.

ಪೆಟ್ಟಿಗೆ ಓದುವಾಗ ಎರಡು ಕಡೆ ಕಣ್ಣಿಡಿ. ‘ಆಬ್ಸಲ್ಯೂಟ್’ ಎಂದಿದ್ದರೆ ಹೇಳಿದ ಅಳತೆಗಿಂತ ದೊಡ್ಡ ರಂಧ್ರ ಇಲ್ಲ ಎಂದರ್ಥ. ‘ನಾಮಿನಲ್’ ಎಂದಿದ್ದರೆ ಅದು ಸರಾಸರಿಯ ಮಾತು, ಅಂಥದ್ದನ್ನು ಕೊಳ್ಳಬೇಡಿ. ವೈರಸ್ ತಡೆಯುತ್ತದೆ ಎನ್ನುವ ಸಾಧನವಾದರೆ ಶೇಕಡಾ 99.99 ಎಂಬ ಅಂಕಿ ವೈರಸ್ಸಿನ ಮುಂದೆಯೇ ಇದೆಯೇ ನೋಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮಾನದಂಡ ಕೇಳುವುದು ಅಷ್ಟನ್ನು. ಬ್ಯಾಕ್ಟೀರಿಯಾದ ಅಂಕಿಯನ್ನು ದೊಡ್ಡದಾಗಿ ಅಚ್ಚು ಹಾಕಿ ವೈರಸ್ ಬಗ್ಗೆ ಸುಮ್ಮನಿದ್ದರೆ ಅದು ವೈರಸ್ ತಡೆಯುವುದಿಲ್ಲ ಎಂದೇ ತಿಳಿಯಿರಿ.

ಕೊಂಡ ದಿನವೇ ಬಾಟಲಿಗೆ ತಿರುಗಿಸಿ ನೋಡಿ. ಹಿಂಡುವ ಫಿಲ್ಟರುಗಳ ತಿರುಪು ಸಾಮಾನ್ಯವಾಗಿ 28 ಮಿಲಿಮೀಟರಿನದು. ತಂಪುಪಾನೀಯದ ಬಾಟಲಿಗೆ ಹೊಂದುತ್ತದೆ, ತೆಳು ನೀರಿನ ಬಾಟಲಿಗಳ ಕಂಠ ಬೇರೆ ಅಳತೆಯದಾಗಿರಬಹುದು. ಈ ಸಂಗತಿ ಬೆಟ್ಟದ ಮೇಲೆ ಗೊತ್ತಾಗಬಾರದು.

ಹಳ್ಳದ ದಂಡೆಯಲ್ಲಿ

ದಾರಿ ಹಳ್ಳವನ್ನು ದಾಟುವ ಜಾಗದಿಂದ ಮೇಲಕ್ಕೆ ಒಂದಿಷ್ಟು ನಡೆಯಿರಿ. ದನದ ಹೆಜ್ಜೆ, ಸಗಣಿ, ಸೋಪಿನ ಕವರ್ ಕಂಡರೆ ಇನ್ನೂ ಮೇಲೆ ಹೋಗಿ. ಹರಿಯುವ ನೀರಿನ ಮೇಲ್ಪದರಕ್ಕೆ ಅಗಲ ಬಾಯಿಯ ಪಾತ್ರೆ ಹಿಡಿಯಿರಿ, ತಳದ ಮಣ್ಣು ಎಬ್ಬಿಸಬೇಡಿ.

ಮೊದಲು ಬಟ್ಟೆಯಲ್ಲಿ ಸೋಸಿ. ಹಳೆಯ ಹತ್ತಿ ಪಂಚೆಯ ಅಥವಾ ಸೀರೆಯ ತುಂಡು ಹೊಸ ಬಟ್ಟೆಗಿಂತ ಒಳ್ಳೆಯದು, ತೊಳೆದು ತೊಳೆದು ಎಳೆ ಸಡಿಲಾಗಿ ಒತ್ತಾಗಿ ಕೂತಿರುತ್ತದೆ. ನಾಲ್ಕೈದು ಮಡಿಕೆ ಮಾಡಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ಹೀಗೆ ಮಡಚಿದ ಹಳೆ ಸೀರೆಯಲ್ಲಿ ನೀರು ಸೋಸಲು ಹೇಳಿಕೊಟ್ಟಾಗ ಕಾಲರಾ ಸುಮಾರು ಅರ್ಧದಷ್ಟು ಇಳಿಯಿತು. ಅವರ ವರದಿ ಪ್ರಕಟವಾದದ್ದು 2003ರಲ್ಲಿ. ಕಾಲರಾದ ಬ್ಯಾಕ್ಟೀರಿಯಾ ಅಂಟಿಕೊಂಡಿರುವ ಸಣ್ಣ ಜಲಚರಗಳು ಬಟ್ಟೆಯಲ್ಲಿ ಉಳಿಯುತ್ತವೆ. ನಮಗೆ ಬಟ್ಟೆ ಫಿಲ್ಟರಿನ ಬದಲಿಯಲ್ಲ, ಅದರ ಕಾವಲು. ಎಲೆಚೂರು, ಮರಳು, ಇಂಬಳದ ಮರಿ ಇಲ್ಲೇ ನಿಂತರೆ ಫಿಲ್ಟರ್ ಬೇಗ ಕಟ್ಟಿಕೊಳ್ಳುವುದಿಲ್ಲ.

ಮೊದಲ ಮಳೆಯ ಕೆಂಪು ನೀರಿಗೆ ಬಟ್ಟೆ ಸಾಲದು. ಪಾತ್ರೆಯಲ್ಲಿ ಕೆಲವು ಗಂಟೆ ಅಲುಗಿಸದೆ ಇಟ್ಟು ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ. ಪಟಿಕದ ತುಂಡನ್ನು ನೀರಿನಲ್ಲಿ ಒಂದೆರಡು ಸುತ್ತು ತಿರುಗಿಸಿದರೆ ಮಣ್ಣು ಬೇಗ ತಳ ಸೇರುತ್ತದೆ. ಹಿರಿಯರು ಚಿಲ್ಲದ ಬೀಜ ತೇಯ್ದು ಹಾಕುತ್ತಿದ್ದರು. ಆದರೆ ಅದನ್ನು ಕಾಡಿನಲ್ಲಿ ಹುಡುಕಲು ಹೋಗಬೇಡಿ. ವಿಷದ ಕಾಸರಕವೂ ಅದೇ ಕುಲದ ಮರ.

ಈಗ ಫಿಲ್ಟರ್. ಫಿಲ್ಟರಿನಲ್ಲಿ ಇನ್ನೂ ಸೋಸದ ನೀರಿನ ಚೀಲಕ್ಕೆ ಕೆಂಪು ದಾರ ಕಟ್ಟಿ, ಅದಕ್ಕೆ ಬೇರೆ ಕೆಲಸ ಕೊಡಬೇಡಿ. ಚೀಲವನ್ನು ಕಂಠದವರೆಗೆ ತುಂಬಿ, ಹೊರಗಿನ ಒದ್ದೆ ಒರಸಿ, ಫಿಲ್ಟರನ್ನು ಬಿಗಿ ಮಾಡಿ, ಮೆಲ್ಲನೆ ಹಿಂಡಿ. ಬಲ ಹಾಕಿದರೆ ಚೀಲದ ಅಂಚು ಬಿಡುತ್ತದೆ. ಹೊಸ ಫಿಲ್ಟರಿನಿಂದ ಮೊದಲು ಬರುವ ಒಂದಿಷ್ಟು ನೀರನ್ನು ಚೆಲ್ಲಿ.

ಫಿಲ್ಟರ್ ಸರಿಯಾಗಿದ್ದರೂ ಜನ ಕಾಯಿಲೆ ಬೀಳುವುದು ಇಲ್ಲೇ. ಸೋಸದ ನೀರಿನ ಒಂದು ಹನಿ ತಿರುಪಿನಿಂದ ಜಾರಿ ಕೆಳಗಿನ ಬಾಟಲಿಗೆ ಬೀಳುತ್ತದೆ. ಹಳ್ಳದಲ್ಲಿ ಅದ್ದಿದ ಕೈಯಲ್ಲೇ ಬಾಟಲಿಯ ಬಾಯಿ ಹಿಡಿಯುತ್ತೇವೆ. ಮುಚ್ಚಳವನ್ನು ಕಲ್ಲಿನ ಮೇಲೆ ಬೋರಲು ಇಡುತ್ತೇವೆ. ನಮ್ಮ ಮನೆಗಳಲ್ಲಿ ಎಂಜಲು ಕೈಯಲ್ಲಿ ಸಾರಿನ ಸೌಟು ಮುಟ್ಟದ ಎಚ್ಚರ ಚಿಕ್ಕಂದಿನಿಂದ ಬಂದಿದೆಯಲ್ಲ, ಅದೇ ಎಚ್ಚರ ಇಲ್ಲಿ ಬೇಕು. ತಂಡದಲ್ಲಿ ಹಳ್ಳಕ್ಕೆ ಇಳಿಯುವವರು ಒಬ್ಬರು, ಕುಡಿಯುವ ಬಾಟಲಿ ಮುಟ್ಟುವವರು ಇನ್ನೊಬ್ಬರು ಎಂದು ಹಂಚಿಕೊಳ್ಳಿ. ಸೋಪಿನ ತುಂಡು ಮರೆಯಬೇಡಿ. ಶೌಚಕ್ಕೆ ನೀರಿನಿಂದ ಕನಿಷ್ಠ ಅರವತ್ತು ಮೀಟರ್ ದೂರ ಹೋಗಿ, ಕೆಳಗಿನ ಊರಿನವರಿಗೂ ಅದೇ ನೀರು.

ಮೇಲೆ ಮನೆ, ಗದ್ದೆ, ದನದ ಓಡಾಟ ಇದ್ದರೆ ಫಿಲ್ಟರಿನಲ್ಲಿ ಸೋಸಿದ ನೀರಿಗೆ ಕ್ಲೋರಿನ್ ಮಾತ್ರೆ ಹಾಕಿ. ಈ ಕ್ರಮ ತಿರುವುಮುರುವಾಗಬಾರದು. ಕದಡಿದ ನೀರಿನ ಕೊಳೆಯೇ ಕ್ಲೋರಿನ್ನನ್ನು ತಿಂದುಬಿಡುತ್ತದೆ. ಕ್ರಿಪ್ಟೋಸ್ಪೊರಿಡಿಯಂ ಕ್ಲೋರಿನ್‌ಗೆ ಜಗ್ಗುವುದಿಲ್ಲ, ಅದನ್ನು ಫಿಲ್ಟರ್ ಹಿಡಿಯುತ್ತದೆ. ಫಿಲ್ಟರಿಗೆ ಸಿಗದ ವೈರಸ್ಸನ್ನು ಕ್ಲೋರಿನ್ ಕೊಲ್ಲುತ್ತದೆ. ಮಾತ್ರೆ ಎಷ್ಟು ಲೀಟರಿನದು ಎಂದು ಓದಿಕೊಳ್ಳಿ, ಇಪ್ಪತ್ತು ಲೀಟರಿನ ಮಾತ್ರೆಯೂ ಒಂದು ಲೀಟರಿನದೂ ನೋಡಲು ಒಂದೇ ತರಹ ಇರಬಹುದು. ಅರ್ಧ ಗಂಟೆ ಕಾಯಬೇಕು, ಚಳಿಯಲ್ಲಿ ಇನ್ನೂ ಹೆಚ್ಚು. ಅಯೋಡಿನ್ ಮಾತ್ರೆ ಗರ್ಭಿಣಿಯರಿಗೂ ಥೈರಾಯ್ಡ್ ತೊಂದರೆ ಇರುವವರಿಗೂ ಬೇಡ.

ಒಲೆ ಹೊತ್ತಿಸಲು ಅನುಮತಿ ಇರುವಲ್ಲಿ ಕುದಿಸುವುದಕ್ಕೆ ಮಿಗಿಲಾದದ್ದಿಲ್ಲ. ಎತ್ತರದಲ್ಲಿ ನೀರು ಕಡಿಮೆ ಉಷ್ಣತೆಗೇ ಕುದಿಯುತ್ತದೆ ಎಂಬ ಆತಂಕ ಬೇಡ. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1930 ಮೀಟರ್, ಅಲ್ಲಿ ನೀರು 94 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ, ಸೂಕ್ಷ್ಮಜೀವಿಗಳಿಗೆ ಅದು ಧಾರಾಳ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಡಿ. 2000 ಮೀಟರ್ ಮೀರಿದರೆ ಮೂರು ನಿಮಿಷ. ಕರ್ನಾಟಕದೊಳಗೆ ಆ ಮೂರು ನಿಮಿಷದ ಅಗತ್ಯ ಬೀಳದು.

ಹಿಮಾಲಯದಲ್ಲಿ ಬೀಳುತ್ತದೆ. ಡಿಸೆಂಬರ್ ರಜೆಗೆ ಬೆಂಗಳೂರಿನಿಂದ ಕೇದಾರಕಂಠಕ್ಕೆ ಹೋಗುವವರು ಇನ್ನೊಂದನ್ನೂ ನೆನಪಿಡಬೇಕು: ಒಮ್ಮೆ ಒದ್ದೆಯಾದ ಟೊಳ್ಳು ನಾರಿನ ಫಿಲ್ಟರ್ ಹೆಪ್ಪುಗಟ್ಟಿದರೆ ನಾರುಗಳು ಸೀಳುತ್ತವೆ. ಹೊರಗಿನಿಂದ ಏನೂ ಕಾಣದು, ನೀರು ಮೊದಲಿಗಿಂತ ಸರಾಗವಾಗಿಯೇ ಬರಬಹುದು. ರಾತ್ರಿ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಲಗುಚೀಲದೊಳಗೆ ನಿಮ್ಮ ಜೊತೆಗೇ ಇಟ್ಟುಕೊಳ್ಳಿ. ಹಲವು ಬಗೆಯ ಫಿಲ್ಟರುಗಳಲ್ಲಿ ಪೂರ್ತಿ ನೆನೆದ ನಾರಿನ ಮೂಲಕ ಬಾಯಿಂದ ಊದಿದ ಗಾಳಿ ದಾಟುವುದಿಲ್ಲ. ದಾಟಿದರೆ ನಾರು ಹರಿದಿದೆ ಎಂದು ಲೆಕ್ಕ. ನಿಮ್ಮ ಫಿಲ್ಟರಿಗೆ ಈ ಪರೀಕ್ಷೆ ಹೇಗೆ ಎಂದು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಿ. ಹೆಪ್ಪುಗಟ್ಟಿರಬಹುದು ಎಂಬ ಅನುಮಾನ ಬಂದರೂ ಸಾಕು, ಎಸೆದುಬಿಡಿ.

ಮನೆಗೆ ಬಂದ ಮೇಲೆ

ಚಾರಣದಲ್ಲಿ ದಿನಕ್ಕೊಮ್ಮೆ, ನೀರು ನಿಧಾನವಾದಾಗ ಮತ್ತೊಮ್ಮೆ, ಸಿರಿಂಜಿನಲ್ಲಿ ಶುದ್ಧ ನೀರು ತುಂಬಿ ಫಿಲ್ಟರಿನ ಶುದ್ಧ ನೀರು ಬರುವ ತುದಿಯಿಂದ ಹಿಂದಕ್ಕೆ ಜೋರಾಗಿ ತಳ್ಳಬೇಕು. ಮನೆಗೆ ಬಂದ ಮೇಲೆ ಹೊರಬರುವ ನೀರು ತಿಳಿಯಾಗುವವರೆಗೆ ಇದನ್ನೇ ಮಾಡಿ, ಪರಿಮಳವಿಲ್ಲದ ಬ್ಲೀಚಿನ ಕೆಲವು ಹನಿ ಬೆರೆಸಿದ ನೀರನ್ನು ಕೊನೆಯಲ್ಲಿ ಹಾಯಿಸಿ, ಕೊಡವಿ, ಬಾಯಿ ತೆರೆದಿಟ್ಟು ವಾರವಿಡೀ ನೆರಳಲ್ಲಿ ಒಣಗಿಸಿ. ಬೆಂಗಳೂರಿನ ಕೊಳವೆಬಾವಿಯ ನೀರನ್ನು ಈ ಕೆಲಸಕ್ಕೆ ಬಳಸಬೇಡಿ. ಆ ಗಡಸು ನೀರು ಒಣಗಿದಾಗ ರಂಧ್ರಗಳಲ್ಲಿ ಸುಣ್ಣ ಕೂರುತ್ತದೆ, ಮುಂದಿನ ಚಾರಣದ ಹೊತ್ತಿಗೆ ಎಷ್ಟು ಹಿಂಡಿದರೂ ಹನಿ ಬರುವುದಿಲ್ಲ. ಹಾಗೆ ಆಗಿದ್ದರೆ ಬಿಳಿ ವಿನೆಗರಿನಲ್ಲಿ ಅರ್ಧ ಗಂಟೆ ನೆನೆಹಾಕಿ, ಕೈ ತಾಳುವಷ್ಟು ಬಿಸಿನೀರಿನಿಂದ ಮತ್ತೆ ಹಿಂದಕ್ಕೆ ತಳ್ಳಿ ನೋಡಿ. ಇದನ್ನು ಹೊರಡುವ ಹಿಂದಿನ ರಾತ್ರಿಗೆ ಇಟ್ಟುಕೊಳ್ಳದೆ ಒಂದು ವಾರ ಮೊದಲೇ ಮಾಡಿದರೆ, ಬಿಡಿಸಿಕೊಳ್ಳದ ಫಿಲ್ಟರಿನ ಬದಲಿಗೆ ಇನ್ನೊಂದನ್ನು ತರಿಸಿಕೊಳ್ಳಲು ಸಮಯ ಸಿಗುತ್ತದೆ.