ಬೆಳಕನ್ನು ನುಂಗಿತೋ, ಚದುರಿಸಿತೋ? ಅಳೆಯುವುದು ಹೀಗೆ

ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಹಚ್ಚಿ, ಅದರ ಮೇಲೆ ಬೆರಳಿಟ್ಟು ನೋಡಿ. ಬೆರಳು ಕೆಂಪಗೆ ಹೊಳೆಯುತ್ತದೆ. ಆದರೆ ಒಳಗಿರುವ ಮೂಳೆಯ ನೆರಳು ಕಾಣುವುದಿಲ್ಲ, ಅಲ್ವಾ? ಇಲ್ಲಿ ಎರಡು ಕೆಲಸ ಒಟ್ಟಿಗೆ ನಡೆದಿವೆ. ರಕ್ತದ ಹಿಮೋಗ್ಲೋಬಿನ್ ನೀಲಿ, ಹಸಿರು ಬೆಳಕನ್ನು ಹೆಚ್ಚಾಗಿ ಹೀರಿಕೊಂಡು ಕೆಂಪನ್ನು ಬಿಟ್ಟುಕೊಟ್ಟಿದೆ. ಉಳಿದ ಕೆಂಪು ಬೆಳಕು ಮಾಂಸದೊಳಗೆ ದಿಕ್ಕುತಪ್ಪಿ ಎಲ್ಲೆಡೆ ಚದುರಿದೆ. ಅದಕ್ಕೇ ಮೂಳೆಯ ಅಂಚು ಅಳಿಸಿಹೋಗಿದೆ.

ಹಾಲು, ಗೋಡೆ ಬಣ್ಣ, ಕಾಗದ, ಕದಡಿದ ನೀರು ಎಲ್ಲವೂ ಇಂಥವೇ. ಹೀರುವಿಕೆ ಎಷ್ಟು ಎಂದು ತಿಳಿದರೆ ವಸ್ತುವಿನಲ್ಲಿ ಏನೇನಿದೆ ಎಂದು ಗೊತ್ತಾಗುತ್ತದೆ. ಚದುರುವಿಕೆ ಎಷ್ಟು ಎಂದು ತಿಳಿದರೆ ಒಳಗಿನ ಕಣಗಳ ಗಾತ್ರ, ದಟ್ಟಣೆಯ ಸುಳಿವು ಸಿಗುತ್ತದೆ. ಆದರೆ ಇವೆರಡನ್ನೂ ಬೇರೆ ಮಾಡದೆ ಅಳೆದರೆ ಎರಡೂ ಕೈಗೆ ಸಿಗುವುದಿಲ್ಲ.

ಮೊದಲು ಕಣ್ಣಲ್ಲೇ ನೋಡಿ

ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿ. ಒಂದಕ್ಕೆ ಕೆಲವು ಹನಿ ಹಾಲು, ಇನ್ನೊಂದಕ್ಕೆ ಪೆನ್ನಿನ ಶಾಯಿ ಹಾಕಿ. ಕೋಣೆ ಕತ್ತಲಾಗಿರಲಿ. ಒಂದು ಬದಿಯಿಂದ ಟಾರ್ಚ್ ಬಿಡಿ. ಶಾಯಿಯ ಲೋಟ ಸುಮ್ನೆ ಕಪ್ಪಾಗುತ್ತದೆ. ಹಾಲಿನ ಲೋಟ ಪಕ್ಕದಿಂದ ನೋಡಿದರೆ ಮಿನುಗುತ್ತದೆ, ತುಸು ನೀಲಿ ಛಾಯೆಯಲ್ಲಿ. ಟಾರ್ಚಿಗೆ ಎದುರಾಗಿ ನಿಂತು ನೋಡಿದರೆ ಅದೇ ಬೆಳಕು ಹಳದಿ, ಕಿತ್ತಳೆಗೆ ತಿರುಗಿರುತ್ತದೆ. ಹಾಲಿನ ಸಣ್ಣ ಕಣಗಳು ನೀಲಿಯನ್ನು ಜಾಸ್ತಿ ಚದುರಿಸುವುದೇ ಇದಕ್ಕೆ ಕಾರಣ.

ಈಗ ಎರಡೂ ಲೋಟಗಳ ಹಿಂದೆ ಒಂದೊಂದು ಬೆಳಕಿನ ಮೀಟರ್ ಇಟ್ಟೆವು ಎನ್ನಿ. ಎರಡೂ ಹೇಳುವುದು ಒಂದೇ ಮಾತು: ಬೆಳಕು ಕಡಿಮೆಯಾಗಿದೆ. ಎಲ್ಲಿಗೆ ಹೋಯಿತು ಎಂದು ಹೇಳುವುದಿಲ್ಲ. ಬಣ್ಣ ಬಣ್ಣವಾಗಿ ಬೆಳಕು ಎಷ್ಟು ದಾಟಿತು ಎಂದು ಅಳೆಯುವ ಸಾಮಾನ್ಯ ಸ್ಪೆಕ್ಟ್ರೋಫೋಟೋಮೀಟರಿನ ಮಿತಿಯೂ ಇದೇ. ತಿಳಿಯಾದ ದ್ರಾವಣದಲ್ಲಿ ಕಾಣೆಯಾದ ಬೆಳಕೆಲ್ಲ ಹೀರಿಕೊಂಡದ್ದೇ ಎಂದು ಧೈರ್ಯವಾಗಿ ಹೇಳಬಹುದು. ಹಾಲಿನಲ್ಲಿ ಹಾಗೆ ಹೇಳಿದರೆ ಶುದ್ಧ ತಪ್ಪು. ಆದ್ದರಿಂದ ಮೂರು ಅಳತೆ ಬೇಕು: ನೇರವಾಗಿ ದಾಟಿದ ಬೆಳಕು, ಚದುರಿಯೂ ದಾಟಿದ್ದೂ ಸೇರಿ ಒಟ್ಟು ದಾಟಿದ ಬೆಳಕು, ಹಿಂದಕ್ಕೆ ಮರಳಿದ ಬೆಳಕು.

ನೇರ ಬೆಳಕು

ಮಾದರಿಯನ್ನು ಒಳಗೆ 1 ಮಿಲಿಮೀಟರ್ ದಪ್ಪದಷ್ಟು ಜಾಗವಿರುವ, ಚಪ್ಪಟೆ ಗೋಡೆಯ ಗಾಜಿನ ಪುಟ್ಟ ಪಾತ್ರೆಯಾದ ಕುವೆಟ್‌ನಲ್ಲಿ ತುಂಬಿ. ಗುಳ್ಳೆ ಇರಬಾರದು, ಗುಳ್ಳೆಯೂ ಚದುರಿಸುತ್ತದೆ. ಕಣಗಳು ತಳಕ್ಕೆ ಕೂರುವ ಮೊದಲೇ ಅಳೆಯಿರಿ. ಲೇಸರ್ ಬಿಟ್ಟು, ಸೆನ್ಸರನ್ನು ದೂರದಲ್ಲಿಟ್ಟು, ಅದರ ಮುಂದೆ ಸಣ್ಣ ರಂಧ್ರದ ತಡೆ ಇಡಿ. ಆಗ ದಿಕ್ಕು ಬದಲಿಸಿದ ಬೆಳಕು ಬಹುಪಾಲು ಹೊರಗೇ ಉಳಿಯುತ್ತದೆ. ಅದೇ ಕುವೆಟ್‌ನಲ್ಲಿ ಬರೀ ನೀರಿದ್ದಾಗ 100 ಇದ್ದದ್ದು ಮಾದರಿ ಇದ್ದಾಗ 13.5ಕ್ಕೆ ಇಳಿದರೆ, ಹೀರುವಿಕೆ ಮತ್ತು ಚದುರುವಿಕೆಯ ಮೊತ್ತ ಮಿಲಿಮೀಟರಿಗೆ ಸುಮಾರು 2. 100ನ್ನು 13.5ರಿಂದ ಭಾಗಿಸಿ, ಅದರ ಸ್ವಾಭಾವಿಕ ಲಾಗರಿದಮ್ ತೆಗೆದು ದಪ್ಪದಿಂದ ಭಾಗಿಸಿದರೆ ಆಯಿತು. ಇದು ಮೊತ್ತ ಮಾತ್ರ, ಪಾಲು ಇನ್ನೂ ಗೊತ್ತಿಲ್ಲ.

ಬಿಳಿ ಗೋಳ

ಪಾಲು ಹೇಳುವುದು ಇಂಟಿಗ್ರೇಟಿಂಗ್ ಸ್ಫಿಯರ್. ಇದು ಒಳಗೆ ಬೆಳ್ಳಗಿರುವ ಟೊಳ್ಳು ಗೋಳ. ಬೇರಿಯಂ ಸಲ್ಫೇಟ್ ಬಳಿದಿರುತ್ತಾರೆ, ಇಲ್ಲವೇ ಟೆಫ್ಲಾನ್ ಜಾತಿಯ ಬಿಳಿ ವಸ್ತುವಿನಿಂದ ಮಾಡಿರುತ್ತಾರೆ. ಒಳಗೆ ಬಂದ ಬೆಳಕು ಯಾವ ದಿಕ್ಕಿನಿಂದಲೇ ಬರಲಿ, ಮತ್ತೆ ಮತ್ತೆ ಪುಟಿದು ಗೋಳದ ತುಂಬ ಒಂದೇ ಸಮನಾಗಿ ಹರಡುತ್ತದೆ. ಗೋಡೆಯ ಒಂದು ತೂತಿನಲ್ಲಿ ಕೂತ ಸೆನ್ಸರ್ ಅದನ್ನು ಎಣಿಸುತ್ತದೆ. ಮಾದರಿಯನ್ನು ಒಳಬರುವ ತೂತಿನ ಮುಂದೆ ಇಟ್ಟರೆ ದಾಟಿದ ಬೆಳಕು ಸಿಗುತ್ತದೆ, ಎದುರು ಬದಿಯ ತೂತಿಗೆ ಒತ್ತಿಟ್ಟರೆ ಮರಳಿದ ಬೆಳಕು. ಮಾದರಿಯಿಂದ ಬಂದ ಬೆಳಕು ಸೆನ್ಸರಿಗೆ ನೇರವಾಗಿ ಬೀಳದಂತೆ ನಡುವೆ ಪುಟ್ಟ ಅಡ್ಡತಟ್ಟೆ ಇರಲೇಬೇಕು. ಪ್ರತಿ ಸಲವೂ ಪ್ರತಿಫಲನ ಎಷ್ಟೆಂದು ಗೊತ್ತಿರುವ ಬಿಳಿ ಫಲಕ ಇಟ್ಟು ಒಮ್ಮೆ, ಎದುರು ಬದಿಯ ಆ ತೂತು ಖಾಲಿ ಬಿಟ್ಟು ಒಮ್ಮೆ ಓದಿಕೊಳ್ಳಿ.

ಇಲ್ಲೇ ಒಂದು ತಪ್ಪು ನುಸುಳುತ್ತದೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ದೊಡ್ಡ ತಪ್ಪು ಇದೇ. ಚದುರಿದ ಬೆಳಕು ಮಾದರಿಯೊಳಗೆ ಅಡ್ಡಡ್ಡ ಹರಿದು, ತೂತಿನ ಅಂಚು ದಾಟಿ ಪಕ್ಕದಿಂದ ಹೊರಬೀಳುತ್ತದೆ. ಅದು ದಾಟಿದ ಲೆಕ್ಕಕ್ಕೂ ಬರಲಿಲ್ಲ, ಮರಳಿದ ಲೆಕ್ಕಕ್ಕೂ ಬರಲಿಲ್ಲ. ಹಾಗಾದರೆ ಹೀರಿಕೊಂಡಿರಬೇಕು ಎಂದು ಲೆಕ್ಕ ತೀರ್ಮಾನಿಸಿಬಿಡುತ್ತದೆ! ಬಣ್ಣವೇ ಇಲ್ಲದ ಮಾದರಿಯಲ್ಲೂ ಹೀರುವಿಕೆ ಕಾಣಿಸಿಕೊಳ್ಳುತ್ತದೆ. ಬೆಳಕಿನ ಚುಕ್ಕೆಯನ್ನು ಚಿಕ್ಕದಾಗಿಸಿ ಅಥವಾ ತೂತನ್ನು ದೊಡ್ಡದಾಗಿಸಿ ಮತ್ತೆ ಅಳೆಯಿರಿ. ಹೀರುವಿಕೆ ಇಳಿದರೆ ಕಳ್ಳ ಸಿಕ್ಕಿದ ಹಾಗೆ.

ಲೆಕ್ಕ

ಅಳತೆಯಿಂದ ಉತ್ತರಕ್ಕೆ ನೇರ ಸೂತ್ರವಿಲ್ಲ. ಕಂಪ್ಯೂಟರ್ ಹೀರುವಿಕೆ, ಚದುರುವಿಕೆ ಇಷ್ಟಿರಬಹುದು ಎಂದು ಒಂದು ಊಹೆ ಮಾಡಿ, ಹಾಗಿದ್ದರೆ ಎಷ್ಟು ದಾಟಬೇಕು, ಎಷ್ಟು ಮರಳಬೇಕು ಎಂದು ಲೆಕ್ಕ ಹಾಕಿ, ನಮ್ಮ ಅಳತೆಗೆ ಹೋಲಿಸಿ, ಊಹೆ ತಿದ್ದುತ್ತಾ ಹೋಗುತ್ತದೆ. ಇನ್ವರ್ಸ್ ಆ್ಯಡಿಂಗ್ ಡಬ್ಲಿಂಗ್ ಎಂಬ ಈ ವಿಧಾನವನ್ನು ಸ್ಕಾಟ್ ಪ್ರಾಲ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದರು. ಅದರ ಪ್ರೋಗ್ರಾಂ ಉಚಿತವಾಗಿ ಸಿಗುತ್ತದೆ. ಬಣ್ಣ, ಕಾಗದದ ಕೆಲಸದವರು 1931ರ ಕುಬೆಲ್ಕಾ–ಮುಂಕ್ ಲೆಕ್ಕವನ್ನು ಈಗಲೂ ಬಳಸುತ್ತಾರೆ. ಅದು ಸರಳ, ಆದರೆ ತುಂಬಾ ಹೀರುವ ವಸ್ತುವಿನಲ್ಲಿ ಎಡವುತ್ತದೆ.

ಉತ್ತರ ಓದುವಾಗ ಒಂದು ಎಚ್ಚರ ಬೇಕು. ಚರ್ಮ, ಮಾಂಸದಲ್ಲಿ ಬೆಳಕು ಚದುರಿದರೂ ಬಹುಪಾಲು ಮುಂದಕ್ಕೇ ಹೋಗುತ್ತದೆ. ಮಿಲಿಮೀಟರಿಗೆ 10 ಸಲ ಚದುರಿದರೂ, ಬಂದ ದಿಕ್ಕನ್ನು ಪೂರ್ತಿ ಮರೆಯುವುದಕ್ಕೆ ಸುಮಾರು 10 ಚದುರುವಿಕೆ ಬೇಕಾಗಬಹುದು. ಆಗ ನಿಜವಾದ ಪರಿಣಾಮ ಮಿಲಿಮೀಟರಿಗೆ 1 ಮಾತ್ರ. ವರದಿಯಲ್ಲಿ ಕೊಟ್ಟಿರುವುದು ಈ ಎರಡರಲ್ಲಿ ಯಾವುದು ಎಂದು ನೋಡಿಯೇ ಹೋಲಿಸಿ.

ಕೊನೆಗೆ ಪರೀಕ್ಷೆ. ಅದೇ ಹಾಲು ನೀರಿಗೆ ಪೂರ್ತಿ ಕರಗುವ ಬಣ್ಣದ ಶಾಯಿಯನ್ನು ಒಂದು ಹನಿ, ಎರಡು ಹನಿ, ಮೂರು ಹನಿ ಹಾಕುತ್ತಾ ಅಳೆಯಿರಿ. ಇಂಗಾಲದ ಕಪ್ಪು ಶಾಯಿ ಬೇಡ, ಅದರ ಕಣಗಳೂ ಚದುರಿಸುತ್ತವೆ. ಹೀರುವಿಕೆ ಹನಿಯ ಲೆಕ್ಕದಲ್ಲೇ ಸಮನಾಗಿ ಏರಬೇಕು. ಚದುರುವಿಕೆ ಇದ್ದಲ್ಲೇ ಇರಬೇಕು. ಅದೂ ಜೊತೆಗೆ ಅಲುಗಾಡಿದರೆ ಗೋಳದ ಹತ್ತಿರ ವಾಪಸ್ ಹೋಗಿ, ಅಂಚಿನ ಸೋರಿಕೆಯಿಂದಲೇ ಹುಡುಕಲು ಶುರು ಮಾಡಿ.