ನಾರಿನ ಹಾಸಿಗೆಯಲ್ಲಿ ಜಾಝ್ ಕೋಣೆ ಸರಿ ಮಾಡಿದ್ದು, ನನ್ನ ಅನುಭವ

"ತೆಂಗಿನ ನಾರಿನ ಹಾಸಿಗೆ ಮಲಗ್ಲಿಕ್ಕೆ ಇರುದು, ಗೋಡೆಗೆ ಹೊಡೀಲಿಕ್ಕೆ ಅಲ್ಲ" ಅಂತ ಮೂರು ವರ್ಷದ ಹಿಂದೆ ನನ್ನ ಮುಖಕ್ಕೇ ಹೇಳಿದವರೆಲ್ಲ ಈ ಮಳೆಗಾಲದಲ್ಲಿ ಒಬ್ಬೊಬ್ಬರಾಗಿ ಮನೆಗೆ ಬಂದು, ನಾನು ಜಾಝ್ ಕೇಳುವ, ಸಿನೆಮಾ ನೋಡುವ ಕೋಣೆಯಲ್ಲಿ ಕೂತು ಕೇಳಿ ಹೋದ್ರು. ಇಬ್ಬರು ಅಳತೆ ಸಹ ಬರ್ಕೊಂಡು ಹೋಗಿದ್ದಾರೆ. ಹಾಗಾಗಿ ಈಗ ಬರೀಬಹುದು ಅಂತ ಕಾಣ್ತದೆ.

ಮನೆ ಉಡುಪಿಯಿಂದ ಮಲ್ಪೆಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ, ಅಜ್ಜನ ಕಾಲದ್ದು. ಮುರಕಲ್ಲಿನ ಗೋಡೆ, ಕಾವಿ ನೆಲ, ಮೇಲೆ ಮರದ ಮುಚ್ಚಿಗೆ, ಅದರ ಮೇಲೆ ಹಂಚು. ಕೋಣೆ 14 ಅಡಿ ಉದ್ದ, 11 ಅಡಿ ಅಗಲ, ಮುಚ್ಚಿಗೆ 9 ಅಡಿ ಎತ್ತರದಲ್ಲಿ. ಈ 14 ಅಡಿಯೇ ನನ್ನ ಶತ್ರು ಅಂತ ಗೊತ್ತಾಗ್ಲಿಕ್ಕೆ ಒಂದೂವರೆ ವರ್ಷ ಬೇಕಾಯ್ತು. ಪ್ರತಿ ಕೋಣೆಗೂ ಅದರ ಉದ್ದಕ್ಕೆ ತಕ್ಕ ಒಂದು ತಗ್ಗು ಸ್ವರ ಉಂಟು, ಆ ಸ್ವರ ಬಂದ್ರೆ ಗೋಡೆಯಿಂದ ಗೋಡೆಗೆ ಬಡಿದು ಜೋರಾಗ್ತದೆ. ಲೆಕ್ಕ ಹೀಗೆ, ನಮ್ಮ ಸೆಕೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಹೆಚ್ಚುಕಮ್ಮಿ 349 ಮೀಟರ್, ಕೋಣೆಯ ಉದ್ದ 4.27 ಮೀಟರ್, ಅದರ ಎರಡರಷ್ಟರಿಂದ ಭಾಗಿಸಿದ್ರೆ 41 ಹರ್ಟ್ಝ್, ಅಂದ್ರೆ ಸೆಕೆಂಡಿಗೆ 41 ಕಂಪನದ ಹತ್ರ ಬರ್ತದೆ. ಜಾಝಿನಲ್ಲಿ ತಗ್ಗು ಸ್ವರ ನುಡಿಸುವ ಆಳೆತ್ತರದ ಪಿಟೀಲಿನ ಹಾಗಿನ ಡಬಲ್ ಬಾಸಿನ ದಪ್ಪ ತಂತಿಯನ್ನು ಬೆರಳಿನಲ್ಲಿ ಒತ್ತದೆ ಮೀಟಿದ್ರೆ ಬರುವ ಸ್ವರ 41.2! ಅಂದ್ರೆ ಬಾಸಿನವ ಕೆಳಗಿನ ತಂತಿಗೆ ಇಳಿದಾಗೆಲ್ಲ ನನ್ನ ಇಡೀ ಕೋಣೆ ಅವನ ಒಟ್ಟಿಗೆ "ಬೂಂ" ಅಂತ ಹಾಡ್ತಿತ್ತು, ಮತ್ತೆ ನಿಲ್ಲುದೇ ಇಲ್ಲ. ಸಿನೆಮಾಕ್ಕೆ ಇದು ಚಂದ ಅಂತ ಮೊದಲು ನಾನೂ ನಂಬಿದ್ದೆ, ಬಾಂಬ್ ಬಿದ್ರೆ ಎದೆ ನಡುಗ್ತಿತ್ತು. ಆದ್ರೆ ಮಾತು ಒಂದೂ ಸ್ಪಷ್ಟ ಇಲ್ಲ, ಮನೆಯವರು ಕನ್ನಡ ಪಿಚ್ಚರಿಗೂ ಸಬ್‌ಟೈಟಲ್ ಹಾಕಿ ಅಂತ ಹೇಳುವ ಹಾಗೆ ಆಯ್ತು.

ನಮ್ಮ ಕಡೆಯವರ ಕಿವಿಗೆ ಒಂದು ಅನುಕೂಲ ಉಂಟು, ಅದನ್ನು ಹೇಳ್ಲೇಬೇಕು. ಬೇರೆ ಊರಿನಲ್ಲಿ ಸ್ಯಾಕ್ಸೋಫೋನ್ ಅಂದ್ರೆ ಕ್ಯಾಸೆಟ್ಟಿನಲ್ಲಿ ಕೇಳಿದ್ದು, ನಮಗೆ ಮದುವೆ ಹಾಲಿನಲ್ಲಿ, ದೇವಸ್ಥಾನದ ಉತ್ಸವದಲ್ಲಿ ಹತ್ತಡಿ ದೂರದಲ್ಲಿ ನಿಂತು ಕೇಳಿದ್ದು. ಕದ್ರಿ ಗೋಪಾಲನಾಥರು ಆ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಬಗ್ಗಿಸಿದ ಮೇಲೆ ನಾಗಸ್ವರದ ಜಾಗದಲ್ಲಿ ಅದೇ ಬಂದು ಕೂತಿತು. 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸ್ ವಾದಕ ಜಾನ್ ಹ್ಯಾಂಡಿ ಅವರ ಒಟ್ಟಿಗೆ ನುಡಿಸಿದ್ರು, 2008ರಲ್ಲಿ ಅಲ್ಲಿಯದೇ ಇನ್ನೊಬ್ಬ ಸ್ಯಾಕ್ಸ್ ವಾದಕ ರುದ್ರೇಶ್ ಮಹಂತಪ್ಪನವರ ಜೊತೆ ಆಲ್ಬಮ್ಮೇ ಬಂತು. ನಾನು ಜಾಝಿಗೆ ಬಂದದ್ದು ಅದೇ ದಾರಿಯಲ್ಲಿ. ಹಾಗಾಗಿ ಆಲ್ಟೋ ಸ್ಯಾಕ್ಸಿನ (ಸ್ಯಾಕ್ಸೋಫೋನಿನ ಒಂದು ಬಗೆ) ನಿಜವಾದ ಶಬ್ದ ಎಂಥದು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಮತ್ತು ನನ್ನ ಕೋಣೆಯಲ್ಲಿ ಅದು ಬರ್ತಾ ಇರ್ಲಿಲ್ಲ. ಅದೇ ಸ್ಪೀಕರ್ ಗೆಳೆಯನ ಮನೆಯಲ್ಲಿ ಚಂದ ಹಾಡಿತ್ತು, ನಮ್ಮಲ್ಲಿ ಗಂಟಲು ಕಟ್ಟಿದ ಹಾಗೆ.

ದುಡ್ಡು ಹಾಳಾದ ಕತೆ ಮೊದಲು. ಮೊಟ್ಟೆ ಟ್ರೇ ಎಲ್ಲರೂ ಮಾಡಿ ನೋಡ್ತಾರೆ, ನಾನೂ ಇನ್ನೂರು ಚಿಲ್ಲರೆ ಟ್ರೇ ಹೊಡೆದೆ, ಬಾಸಿನ ತಗ್ಗು ಶಬ್ದಕ್ಕೆ ಏನೂ ಆಗ್ಲಿಲ್ಲ, ಇರುವೆ ಮಾತ್ರ ಬಂತು. ಆಮೇಲೆ ಆನ್‌ಲೈನಿನಲ್ಲಿ ಫೋಮ್ ತರಿಸಿದೆ, ಸುಮಾರು 6,500 ಆಯ್ತು, ಎರಡು ಮಳೆಗಾಲಕ್ಕೆ ಅದು ಬಿಸ್ಕೀಟಿನ ಹಾಗೆ ಪುಡಿ ಉದುರ್ಲಿಕ್ಕೆ ಶುರು, ಕಾವಿ ನೆಲದಲ್ಲಿ ದಿನಾ ಬೆಳಿಗ್ಗೆ ಕಪ್ಪು ಧೂಳಿ. ಬೂರುಗದ ಹತ್ತಿ ತುಂಬಿಸಿದ ಚೀಲ ನೋಡಿದೆ, ಇಲಿ ಬಂದು ಗೂಡು ಮಾಡಿತು. ಬೆಂಗಳೂರಿನ ಒಬ್ಬರು ಫೋಟೋ ನೋಡಿಯೇ 85 ಸಾವಿರದ ಕೊಟೇಶನ್ ಕಳಿಸಿದ್ರು, ಕರಾವಳಿಯ ಹಸಿಗೆ ಗ್ಯಾರಂಟಿ ಉಂಟಾ ಕೇಳಿದ್ದಕ್ಕೆ ಉತ್ತರ ಬರ್ಲಿಲ್ಲ.

ನಾರಿನ ಯೋಚನೆ ಬಂದದ್ದು ಮಂಗಳೂರು ಬಂದರಿನಲ್ಲಿ. ಬೇರೆ ಕೆಲಸಕ್ಕೆ ಹೋದವ ಹಗ್ಗ ಮಾರುವ ಅಂಗಡಿಯ ಒಳಗೆ ನಿಂತು ಫೋನಿನಲ್ಲಿ ಮಾತಾಡ್ತಾ ಇದ್ದೆ, ಸುತ್ತ ನಾರಿನ ಹಗ್ಗದ ಸಿಂಬಿ ಆಳೆತ್ತರ. ಹೊರಗೆ ಲಾರಿ ಹಾರ್ನ್ ಹೊಡೀತಾ ಇದ್ರೂ ಒಳಗೆ ನನ್ನ ಸ್ವರ ನನಗೇ ಬೇರೆ ಕೇಳಿತು, ಒಣಗಿದ ಹಾಗೆ. ಚಪ್ಪಾಳೆ ಹೊಡೆದು ನೋಡಿದೆ. ಅಂಗಡಿಯವರು ಎಂಥ ಬೇಕು ಅಂತ ಕೇಳಿದ್ರು. ಹಗ್ಗ ಬೇಡ ಅಂತ ಹೇಳಿ ಸೀದಾ ಹಾಸಿಗೆ ಮಾಡುವವರ ಹತ್ರ ಹೋದೆ, ರಬ್ಬರ್ ಹಾಕಿದ ನಾರಿನ ಶೀಟು, ನಾಲ್ಕು ಇಂಚು ದಪ್ಪದ್ದು, ಕತ್ತರಿಸಿ ಉಳಿದ ತುಂಡುಗಳನ್ನು ಅವರು ಕಮ್ಮಿಗೆ ಕೊಡ್ತಾರೆ.

ಮೊದಲ ಸಲ ಸೋತೆ. ಶೀಟನ್ನು ಗೋಡೆಗೆ ತಾಗಿಸಿಯೇ ಹೊಡೆದಿದ್ದೆ. ಪತ್ತನಾಜೆ (ತುಳುವರ ಲೆಕ್ಕದಲ್ಲಿ ಮಳೆಗಾಲದ ಹೊಸ್ತಿಲು, ಮೇ ಕೊನೆ) ಕಳೆದು ಮಳೆ ಹಿಡೀತು, ಜುಲೈ-ಆಗಸ್ಟಿನ ಆಟಿ ತಿಂಗಳಿಗೆ ಬರುವಾಗ ಕೋಣೆಗೆ ಕಾಲಿಟ್ರೆ ಹಳೇ ಗೋಣಿಯ ವಾಸನೆ. ಒಂದು ಪ್ಯಾನಲ್ ಕಿತ್ತು ನೋಡಿದ್ರೆ ಮುರಕಲ್ಲಿನ ಗೋಡೆ ಬೆವರಿ ಹಿಂದೆ ಕಪ್ಪು ಬೂಷ್ಟು, ಅಂಗೈಯಷ್ಟು ಅಗಲ ಅಗಲ ವೃತ್ತ. ಆಗ ಎಲ್ಲರೂ "ಹೇಳಿದ್ದೆವಲ್ಲ" ಅಂದ್ರು. ನಾನು ಎಲ್ಲ ಕಿತ್ತು ಅಟ್ಟಕ್ಕೆ ಹಾಕಿದೆ.

ಎರಡನೇ ಸಲ ಹಳೇ ಮಾಡಿನ ರೀಪು (ಹಂಚಿನ ಕೆಳಗಿನ ಮರದ ಪಟ್ಟಿ) ಕೊಯ್ಸಿ ಫ್ರೇಮ್ ಮಾಡಿ ಗೋಡೆಯಿಂದ ನಾಲ್ಕು ಇಂಚು ಬಿಟ್ಟು ನಿಲ್ಲಿಸಿದೆ, ಕೆಳಗೆ ಮೇಲೆ ಎರಡೂ ಕಡೆ ತೆರೆದು. ಇದರಲ್ಲೇ ಇಡೀ ವಿಷಯ ಇರುದು. ಹಿಂದೆ ಗಾಳಿಯ ಜಾಗ ಇದ್ರೆ ಅದೇ ನಾಲ್ಕು ಇಂಚಿನ ನಾರು ಇನ್ನೂ ಕೆಳಗಿನ ಶಬ್ದದವರೆಗೆ ಹೀರ್ತದೆ, ಮತ್ತು ಅದೇ ಜಾಗದಲ್ಲಿ ಗಾಳಿ ಆಡಿ ಗೋಡೆ ಒಣಗ್ತದೆ. ಶಬ್ದಕ್ಕೆ ಬೇಕಾದದ್ದೂ ಗೋಡೆಗೆ ಬೇಕಾದದ್ದೂ ಒಂದೇ! ಮೂರು ಮಳೆಗಾಲ ಆಯ್ತು, ಒಂದು ಚುಕ್ಕೆ ಬೂಷ್ಟು ಇಲ್ಲ. ಮೇಲಿನಿಂದ ಕೋರಾ ಬಟ್ಟೆ. ಬಟ್ಟೆ ಹೊದಿಸುವ ಮೊದಲು ನಾರಿಗೆ ಒಂದು ನೀರು ಹೊಡೀತೇನೆ, ಅದರಲ್ಲಿ ಎಂಥ ಉಂಟು ಅಂತ ಮಾತ್ರ ಕೇಳ್ಬೇಡಿ, ಅದು ನನ್ನ ಹತ್ರವೇ ಇರ್ಲಿ.

ನಾಲ್ಕು ಮೂಲೆಗೂ ನೆಲದಿಂದ ಮುಚ್ಚಿಗೆವರೆಗೆ ಗೋಣಿ ಚೀಲದಲ್ಲಿ ಬಿಡಿ ನಾರು ತುಂಬಿಸಿ ಇಟ್ಟೆ. ಮೊದಲು ಕಾಲಿನಲ್ಲಿ ಮೆಟ್ಟಿ ಮೆಟ್ಟಿ ತುಂಬಿಸಿದ್ದೆ, ಅದು ತಪ್ಪು, ಗಟ್ಟಿಯಾದ್ರೆ ಶಬ್ದ ಒಳಗೆ ಹೋಗುದೇ ಇಲ್ಲ. ಅರ್ಧ ನಾರು ತೆಗೆದು ಸಡಿಲ ಮಾಡಿದ ಮೇಲೆ ಕೆಲಸ ಮಾಡಿತು. ಆದ್ರೂ 41 ಹರ್ಟ್ಝ್ ಅಲೆ ಅಂದ್ರೆ ಎಂಟೂವರೆ ಮೀಟರ್ ಉದ್ದ, ನಾರು ಒಂದರಿಂದಲೇ ಅದು ಬಗ್ಗುದಿಲ್ಲ. ಗೋಡೆಯ ಹತ್ರವೇ ಆ ಅಲೆ ಎಲ್ಲಕ್ಕಿಂತ ಜೋರು, ಸೋಫಾ ಹಿಂದಿನ ಗೋಡೆಗೆ ತಾಗಿಯೇ ಇತ್ತು, ಅದನ್ನು ಐದು ಅಡಿ ಚಿಲ್ಲರೆ ಮುಂದೆ ತಂದೆ, ಮನೆಯಲ್ಲಿ ಒಂದು ವಾರ ಮಾತಿಲ್ಲ, ಆದ್ರೆ ಅರ್ಧ ಕೆಲಸ ಆದದ್ದು ಅದರಿಂದಲೇ. ಕೋಣೆಯ ಶಬ್ದ ಅಳೆಯುವ ರೂಮ್ ಈಕ್ಯೂ ವಿಝರ್ಡ್ ಎಂಬ ಸಾಫ್ಟ್‌ವೇರಿನಲ್ಲಿ ಅಳೆದಾಗ ಆ 41ರ ಹತ್ರ 13 ಡಿಬಿ (ಡೆಸಿಬಲ್, ಶಬ್ದದ ಜೋರಿನ ಅಳತೆ) ಎತ್ತರದ ಗುಡ್ಡ ಇದ್ದದ್ದು ಈಗ 4 ಅಥವಾ 5. ಉಳಿದದ್ದಕ್ಕೆ ಸ್ಪೀಕರ್ ನಡೆಸುವ ರಿಸೀವರಿನಲ್ಲಿ ಆ ಒಂದು ಸ್ವರವನ್ನು ಮಾತ್ರ ತಗ್ಗಿಸಿದೆ. ಸ್ಪೀಕರ್ ಇಟ್ಟ ಜಾಗಕ್ಕೂ ಒಂದು ಲೆಕ್ಕ ಉಂಟು, ಬಂದವರಿಗೆ ತೋರಿಸ್ತೇನೆ, ಬರೆಯುದಿಲ್ಲ.

ಖರ್ಚು ನೆನಪಿದ್ದ ಹಾಗೆ: ನಾರಿನ ಶೀಟಿಗೆ 4,800, ಬಿಡಿ ನಾರು ಮತ್ತು ಗೋಣಿ ಸಾವಿರದ ಒಳಗೆ, ರೀಪು ಕೊಯ್ಸಿದ್ದು 900, ಬಟ್ಟೆ 1,600, ಆಚಾರಿಗೆ ಎರಡು ದಿನದ ಸಂಬಳ. ಹನ್ನೊಂದು ಸಾವಿರ ದಾಟ್ಲಿಲ್ಲ.

ಕೋಣೆ ಶಾಂತ ಆದ ಮೇಲೆ ಮತ್ತೊಂದು ಪೀಡೆ ಶುರು. ಬಾಸ್ ಒಂದು ನಿರ್ದಿಷ್ಟ ಸ್ವರಕ್ಕೆ ಬಂದ್ರೆ ಎಲ್ಲಿಂದಲೋ "ಝರ್ರ್" ಅಂತ ಸಣ್ಣ ಶಬ್ದ. ಸ್ಪೀಕರಿನಲ್ಲಿ ಏರು ಸ್ವರ ಹಾಡುವ ಟ್ವೀಟರ್ ಹೋಯ್ತು ಅಂತ ಹೆದರಿದೆ. ಮುಚ್ಚಿಗೆಯ ಹಲಗೆ ಇರ್ಬಹುದು ಅಂತ ಸೈಕಲ್ ಟ್ಯೂಬ್ ಕತ್ತರಿಸಿ ಸಂದಿಗೆಲ್ಲ ತುರುಕಿದೆ, ಹೋಗ್ಲಿಲ್ಲ. ಅದೇ ಸ್ವರ ಬಿಡದೆ ಹಾಕಿ ಕಿವಿ ಹಿಡ್ಕೊಂಡು ಹೋಗಿ ಹೋಗಿ ಕೊನೆಗೆ ಸಿಕ್ಕಿದ್ದು ಪಕ್ಕದ ದೇವರಕೋಣೆಯಲ್ಲಿ. ಕಾಲುದೀಪದ ಮೇಲಿನ ಹಂಸದ ತಿರುಪು ಸಡಿಲ ಇತ್ತು. ಬೆರಳು ಇಟ್ರೆ ನಿಲ್ತದೆ, ತೆಗೆದ್ರೆ ಝರ್ರ್. ಅರ್ಧ ಸುತ್ತು ತಿರುಗಿಸಿದೆ, ಮುಗೀತು.

ನಡುವೆ ಅಡಿಕೆ ಸಿಪ್ಪೆಯಲ್ಲಿ ಒಂದು ಪ್ಯಾನಲ್ ಮಾಡಿ ನೋಡಿದೆ, ತೋಟದವರು ಪುಕ್ಕಟೆ ಕೊಟ್ರು. ಮೇಲಿನ ಶಬ್ದಕ್ಕೆ ನಾರಿಗಿಂತ ಚೂರು ಒಳ್ಳೇದೇ, ಆದ್ರೆ ವಾಸನೆ ತಡೀಲಿಕ್ಕೆ ಆಗುದಿಲ್ಲ, ಪೂರ್ತಿ ಒಣಗಿಸಿ ಇನ್ನೊಮ್ಮೆ ನೋಡ್ಬೇಕು. ಎಲ್ಪಿ ಮತ್ತು ಪ್ರೊಜೆಕ್ಟರ್ ಲೆನ್ಸಿಗೆ ಬೂಷ್ಟು ಹಿಡೀಬಾರ್ದು ಅಂತ ಮೊದಲೆಲ್ಲ ಕಪಾಟಿನೊಳಗೆ 15 ವ್ಯಾಟಿನ ಝೀರೋ ಬಲ್ಬ್ ಉರಿಸಿ ಇಡ್ತಿದ್ದೆ, ಈಗಿನ ಎಲ್‌ಇಡಿ ಬಲ್ಬಿಗೆ ಆ ಬಿಸಿ ಇಲ್ಲ, ಹಳೇದು ಸಿಕ್ಕಿದ್ರೆ ಎತ್ತಿಟ್ಟುಕೊಳ್ಳಿ. ಬೂಷ್ಟು ಹಿಡಿದ ಎಲ್ಪಿ ತೊಳೆಯುದು ಎಲ್ಲರಿಗೂ ಗೊತ್ತು, ಆದ್ರೆ ಅಜ್ಜನ ಕಾಲದ, ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಗೆ ಸ್ಪಿರಿಟ್ ಮುಟ್ಟಿಸ್ಬೇಡಿ, ಅದು ಅರಗಿನದ್ದು, ಕರಗ್ತದೆ. ನಾನು ಒಂದು ಕಳೆದುಕೊಂಡಿದ್ದೇನೆ. ಮತ್ತೆ ಸಿಡಿಲು: ಮೇ ತಿಂಗಳಲ್ಲಿ ಗುಡುಗು ಕೇಳಿದ ಕೂಡ್ಲೆ ಪ್ಲಗ್ ತೆಗೆದಿದ್ದೆ, ಕೇಬಲ್ ವೈರ್ ತೆಗೀಲಿಕ್ಕೆ ಮರೆತು ಹೋಗಿತ್ತು, ಅದರಿಂದ ಸೆಟ್ ಟಾಪ್ ಬಾಕ್ಸಿಗೆ ಬಂದು ಅಲ್ಲಿಂದ ಎಚ್‌ಡಿಎಂಐಯಲ್ಲಿ ರಿಸೀವರ್ ಒಳಗೆ. ಬೋರ್ಡಿಗೆ 14 ಸಾವಿರ. ಕೋಣೆಗೆ ಆದದ್ದಕ್ಕಿಂತ ಜಾಸ್ತಿ.

ಸಿನೆಮಾದಲ್ಲಿ ವ್ಯತ್ಯಾಸ ಎಷ್ಟು ಅಂತ ತೋರಿಸ್ಲಿಕ್ಕೆ ನಾನು ಬಂದವರಿಗೆಲ್ಲ ಕ್ಲಿಂಟ್ ಈಸ್ಟ್‌ವುಡ್ ಅವರ 1988ರ "ಬರ್ಡ್" ಹಾಕ್ತೇನೆ. ಅದು ಜಾಝ್ ಸ್ಯಾಕ್ಸ್ ವಾದಕ ಚಾರ್ಲಿ ಪಾರ್ಕರ್ ಅವರ ಕತೆ, ಅದರಲ್ಲಿ ಅವರ ಹಳೇ ರೆಕಾರ್ಡಿಂಗಿನಿಂದ ಸ್ಯಾಕ್ಸ್ ಮಾತ್ರ ಬೇರೆ ತೆಗೆದು ಉಳಿದ ವಾದ್ಯ ಹೊಸದಾಗಿ ನುಡಿಸಿ ಸೇರಿಸಿದ್ದಾರೆ. ಮೊದಲು ನನ್ನ ಕೋಣೆಯಲ್ಲಿ ಎಲ್ಲ ಒಂದೇ ಮುದ್ದೆ. ಈಗ ಹಳೇ ಸ್ಯಾಕ್ಸಿನ ಸುತ್ತ ಹೊಸ ಬಾಸ್, ಡ್ರಮ್ ಬೇರೆ ಬೇರೆ ನಿಲ್ತದೆ, ಹೊಲಿಗೆ ಎಲ್ಲಿ ಅಂತ ಕೇಳ್ತದೆ.

ಕಳೆದ ತಿಂಗಳು ನಮ್ಮ ಕಡೆ ಮದುವೆಗೆ ಸ್ಯಾಕ್ಸೋಫೋನ್ ನುಡಿಸುವ ಹಿರಿಯರೊಬ್ಬರನ್ನು ಕರ್ಕೊಂಡು ಬಂದೆ. ನಲವತ್ತು ವರ್ಷ ಶ್ರುತಿಪೆಟ್ಟಿಗೆಯ ಪಕ್ಕ ಕೂತ ಕಿವಿ ಅದು. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ "ಕೈಂಡ್ ಆಫ್ ಬ್ಲೂ" ಆಲ್ಬಮ್ಮಿನ ಹಳೇ ಎಲ್ಪಿ ಹಾಕಿದೆ, ಮುಂಬೈಯ ಫುಟ್‌ಪಾತಿನಲ್ಲಿ ಸಿಕ್ಕಿದ್ದು. ಶುರುವಿನ ಬಾಸ್ ಮುಗಿದು ಕ್ಯಾನನ್‌ಬಾಲ್ ಆಡರ್ಲಿಯ ಆಲ್ಟೋ ಬಂದಾಗ ಅವರು ಮುಂದೆ ಬಾಗಿ ಕೂತ್ರು, ತೊಡೆಯ ಮೇಲೆ ಬೆರಳು ಕೀಲಿ ಒತ್ತಿದ ಹಾಗೆ ಆಡ್ತಾ ಇತ್ತು. ಮೊದಲನೇ ಬದಿ ಮುಗಿಯುವಾಗ ಚಾ ಬಂತು. ಎರಡನೇ ಬದಿ ಹಾಕಿದೆ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ್ರು, "ಮಾರಾಯ್ರೆ, ನಿಮ್ಮ ಮೆಶಿನ್ ಸ್ಪೀಡ್ ಚೇಂಜ್ ಮಾಡಿದ್ರಾ?"

"ಇಲ್ಲಣ್ಣ, ಯಾಕೆ?"

"ಆ ಬದಿ ಶ್ರುತಿ ಚೂರು ಏರಿ ಉಂಟು. ಇದು ಸರಿ ಉಂಟು."

ನನಗೆ ಮೈ ಝುಂ ಅಂತು. 1959ರ ಮಾರ್ಚ್ 2ರಂದು ನ್ಯೂಯಾರ್ಕಿನಲ್ಲಿ ಹಳೇ ಚರ್ಚನ್ನೇ ಸ್ಟುಡಿಯೋ ಮಾಡಿದ್ದ ಜಾಗದಲ್ಲಿ ಈ ಆಲ್ಬಮ್ಮಿನ ಮೊದಲ ಬದಿಯ ಮೂರು ಹಾಡು ಮುದ್ರಣ ಆಗುವಾಗ ಟೇಪ್ ಮೆಶಿನ್ ನಿಧಾನ ಓಡಿತ್ತು, ಆ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿದಾಗ ಎಲ್ಲ ಚೂರು ಬೇಗ ಆಯ್ತು, ಹಾಗಾಗಿ ತಟ್ಟೆಯಲ್ಲಿ ಶ್ರುತಿ ಏರಿಯೇ ಬಂತು. ಎರಡನೇ ಬದಿ ಏಪ್ರಿಲ್ 22ರದ್ದು, ಅದು ಸರಿ. ತಪ್ಪು ತಿದ್ದಿದ್ದು 1992ರಲ್ಲಿ. ಇದನ್ನೆಲ್ಲ ನಾನು ಓದಿ ತಿಳಿದದ್ದು, ನನ್ನ ಕಿವಿಗೆ ಯಾವತ್ತೂ ಸಿಕ್ಕಿರ್ಲಿಲ್ಲ. ಅವರಿಗೆ ನಾನು ಒಂದಕ್ಷರ ಹೇಳಿರ್ಲಿಲ್ಲ.

ಅವರು ಚಾದ ಲೋಟ ಕೆಳಗಿಟ್ಟು ಗೋಡೆಯ ಪ್ಯಾನಲ್ ಮುಟ್ಟಿ ನೋಡಿದ್ರು. "ಇದು ನಾರಾ?" ಅಂತ ಕೇಳಿದ್ರು. ಹೌದು ಅಂದೆ. ಪ್ರಾಕ್ಟೀಸ್ ಮಾಡುವ ಕೋಣೆ ಅವರ ಮನೆಯಲ್ಲಿ ಹತ್ತಡಿಗೆ ಹನ್ನೆರಡಂತೆ, ಬರುವ ವಾರ ಟೇಪು ಹಿಡ್ಕೊಂಡು ಹೋಗ್ಲಿಕ್ಕೆ ಉಂಟು.